ಪಿತ್ತ ಅಲ್ಲ ಕಣವ್ವ, ಅರೆತಲೆನೋವು

ಪಾವಗಡದಿಂದ ನಸುಕಿನಲ್ಲಿ ಹೊರಟ ತುಮಕೂರು ಬಸ್ಸು ಮಧುಗಿರಿ ನಿಲ್ದಾಣಕ್ಕೆ ಬರುವ ಹೊತ್ತಿಗೆ ಏಕಶಿಲಾ ಬೆಟ್ಟದ ನೆತ್ತಿಗೆ ಆಗಷ್ಟೇ ಬಿಸಿಲು ತಾಗಿರುತ್ತದೆ. ಸೀಟು ಸಿಕ್ಕವರು ನಿದ್ದೆಯಲ್ಲಿ, ಸಿಗದವರು ಕಂಬ ಹಿಡಿದು ಅರೆನಿದ್ದೆಯಲ್ಲಿ. ಕಿಟಕಿ ಪಕ್ಕ ಒಬ್ಬಳು ಹುಡುಗಿ. ತೊಡೆ ಮೇಲೆ ಬ್ಯಾಗು, ಬ್ಯಾಗಿನೊಳಗೆ ಇಸ್ತ್ರಿ ಕೆಡದ ಹಾಗೆ ಪೇಪರಿನಲ್ಲಿ ಸುತ್ತಿದ ಬಿಳಿ ಕೋಟು. ವೇಲನ್ನು ಹಣೆಗೆ ಬಿಗಿದು ಹಿಂದಕ್ಕೆ ಗಂಟು ಹಾಕಿದ್ದಾಳೆ. ಬಲಗಡೆಯ ಕಣತಲೆಯನ್ನು ಕಿಟಕಿಯ ಕಬ್ಬಿಣದ ಸರಳಿಗೆ ಒತ್ತಿ ಕಣ್ಣು ಮುಚ್ಚಿದ್ದಾಳೆ. ಬಸ್ಸು ಹಂಪ್ ಹಾರಿದಾಗಲೆಲ್ಲ ತುಟಿ ಕಚ್ಚುತ್ತಾಳೆ. ಕಂಡಕ್ಟರ್ ವಿಸಿಲ್ ಊದಿದರೆ ಕೈ ತಾನಾಗಿ ಕಿವಿಗೆ ಹೋಗುತ್ತದೆ.

‘ಇವತ್ತು ರಜಾ ಹಾಕ್ಬಾರ್ದೇನೇ?’ ಅಂತ ಪಕ್ಕದವಳು.

‘ಅಟೆಂಡೆನ್ಸ್ ನಿಮ್ಮಪ್ಪ ಕೊಡ್ತಾರಾ?’

ಆ ಸರಳಿನ ತಂಪು ನನಗೂ ಗೊತ್ತು. ಇಪ್ಪತ್ತು ವರ್ಷ ಇದೇ ರಸ್ತೆಯಲ್ಲಿ ಓಡಾಡಿದ ಅರೆತಲೆನೋವಿನವನು ನಾನು. ಯಾವ ಬಸ್ಸಿನ ಯಾವ ಕಿಟಕಿಯ ಸರಳು ಅಲುಗಾಡುವುದಿಲ್ಲ ಅನ್ನುವುದನ್ನೂ ಒಂದು ಕಾಲಕ್ಕೆ ಬಲ್ಲವನಾಗಿದ್ದೆ.

ಕಂದಾಯ ಇಲಾಖೆಗೆ ತುಮಕೂರು ಒಂದೇ ಜಿಲ್ಲೆ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಎರಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಪತ್ರಿಕೆಯಲ್ಲಿ ನಮ್ಮ ಹೆಸರು ತುಮಕೂರಿನಿಂದ ಬೇರೆಯಾಗಿ ಕಾಣುವುದು ಹಾಗೆ. ಆದರೆ ಹತ್ತನೆಯ ತರಗತಿ, ಪಿಯುಸಿ ದಾಟಿ ಆಸ್ಪತ್ರೆಯ ಓದಿಗೆ ಇಳಿದರೆ, ಅಂದರೆ ಎಂಬಿಬಿಎಸ್, ಡೆಂಟಲ್, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ ಹಿಡಿದರೆ, ಬಹುಪಾಲು ಮಕ್ಕಳ ದಾರಿ ತುಮಕೂರು ಇಲ್ಲವೇ ಬೆಂಗಳೂರಿನ ಕಡೆಗೆ. ಅಗಳಕೋಟೆಯ ಸಿದ್ಧಾರ್ಥ ಮೆಡಿಕಲ್ ಕಾಲೇಜು 1988ರಲ್ಲೇ ಶುರುವಾಯಿತು. ಶಿರಾ ರಸ್ತೆಯ ಶ್ರೀದೇವಿ ಅದಕ್ಕಿಂತ ಎಷ್ಟೋ ಈಚಿನದು. ಕೊರಟಗೆರೆಯವರಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ, ಮಧುಗಿರಿಯವರಿಗೆ ಒಂದೂಕಾಲು. ಮೂರು ಕಡೆ ಆಂಧ್ರ ಸುತ್ತುವರಿದ ಪಾವಗಡದವರಿಗೆ ಹೆಚ್ಚುಕಡಿಮೆ ನೂರು ಕಿಲೋಮೀಟರು. ರಾಯದುರ್ಗ–ತುಮಕೂರು ರೈಲಿಗೆ ಕಾದು ಕಾದು ಒಂದು ತಲೆಮಾರು ಬಸ್ಸಿನಲ್ಲೇ ಓದು ಮುಗಿಸಿದೆ.

ಈ ಮಕ್ಕಳ ತಲೆನೋವಿನ ಕಥೆ ಬರೆಯಲು ಹೊರಟರೆ ಅದು ಕಾಲೇಜಿನಲ್ಲಿ ಶುರುವಾಗುವುದಿಲ್ಲ, ಮನೆಯಲ್ಲಿ ಶುರುವಾಗುತ್ತದೆ.

ನಮ್ಮಮ್ಮನಿಗೆ ತಿಂಗಳಿಗೆ ಎರಡು ಮೂರು ಸಲ ‘ಪಿತ್ತ’ ಆಗುತ್ತಿತ್ತು. ಆ ದಿನ ನಡುಮನೆಯ ಕಿಟಕಿ ಬಾಗಿಲು ಮುಚ್ಚಿ, ನೆತ್ತಿಗೆ ಹರಳೆಣ್ಣೆ ತಟ್ಟಿಕೊಂಡು, ಶುಂಠಿ ತೇದ ಗಂಧವನ್ನು ಹಣೆಗೆ ಹಚ್ಚಿ, ಹಳೇ ಸೀರೆಯ ಅಂಚನ್ನು ತಲೆಗೆ ಬಿಗಿದು ಮಲಗುತ್ತಿದ್ದಳು. ‘ಅಮ್ಮನಿಗೆ ಪಿತ್ತ ಕೆದರೈತೆ, ಗದ್ಲ ಮಾಡ್ಬ್ಯಾಡ್ರಿ’ ಎಂದು ಅಜ್ಜಿ ನಮ್ಮನ್ನು ಅಂಗಳಕ್ಕೆ ಅಟ್ಟುತ್ತಿದ್ದಳು. ಒಗ್ಗರಣೆಯ ವಾಸನೆ ಬಂದರೂ ಅಮ್ಮನಿಗೆ ವಾಕರಿಕೆ. ಮಧ್ಯಾಹ್ನದ ಹೊತ್ತಿಗೆ ಹಳದಿ ನೀರು ವಾಂತಿಯಾದರೆ ಸ್ವಲ್ಪ ಜೀವ ಬರುತ್ತಿತ್ತು. ಅದಕ್ಕೇ ‘ಪಿತ್ತ ಆಚೆ ಹೋಯ್ತು’ ಎನ್ನುತ್ತಿದ್ದರು. ಸಂಜೆಗೆ ಏನೂ ಆಗಿಲ್ಲವೆಂಬಂತೆ ಎದ್ದು ಮುದ್ದೆ ತಿರುವಲು ಕೂರುತ್ತಿದ್ದಳು. ಸಂಜೆ ಎದ್ದಳಲ್ಲ, ಹಾಗಾಗಿ ಅದು ಕಾಯಿಲೆ ಅಂತ ಯಾರ ಲೆಕ್ಕಕ್ಕೂ ಬರಲಿಲ್ಲ. ಅವಳ ಲೆಕ್ಕಕ್ಕೂ.

ಈಗ ಯಾವುದೇ ನರ್ಸಿಂಗ್ ವಿದ್ಯಾರ್ಥಿಯ ಪಠ್ಯಪುಸ್ತಕ ತೆರೆದು ನೋಡಿ. ತಲೆಯ ಒಂದು ಪಕ್ಕ ಸಿಡಿಯುವ ನೋವು, ನಾಲ್ಕು ಗಂಟೆಯಿಂದ ಮೂರು ದಿನದವರೆಗೆ. ಮೆಟ್ಟಿಲು ಹತ್ತಿದರೆ, ಬಗ್ಗಿದರೆ ಜಾಸ್ತಿ. ವಾಕರಿಕೆ, ಇಲ್ಲವೇ ಬೆಳಕು–ಸದ್ದು ಎರಡನ್ನೂ ತಡೆಯಲಾಗದಿರುವುದು. ಇಂಥದ್ದು ಐದು ಸಲವಾದರೂ ಬಂದಿದ್ದು ಬೇರೆ ಕಾರಣ ಕಾಣದಿದ್ದರೆ ಅದು ಮೈಗ್ರೇನ್. ಇದಕ್ಕೆ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ಕೇಳಿಯೇ ತಿಳಿಯಬೇಕು. ಅಂದರೆ ಅಮ್ಮನ ಮುಚ್ಚಿದ ಕಿಟಕಿ, ಅಜ್ಜಿಯ ಗದರಿಕೆ, ಒಗ್ಗರಣೆಯ ವಾಕರಿಕೆ ಇವೇ ಪರೀಕ್ಷೆಯ ರಿಪೋರ್ಟು. ನಮ್ಮ ಮನೆಯಲ್ಲಿ ಮೂವತ್ತು ವರ್ಷ ಆ ರಿಪೋರ್ಟು ಬಿಚ್ಚಿಕೊಂಡೇ ಬಿದ್ದಿತ್ತು, ಓದುವವರಿರಲಿಲ್ಲ.

ಹೆಸರು ಇರಲಿಲ್ಲವೆಂದೇನಲ್ಲ. ಕನ್ನಡದ ಅರೆತಲೆನೋವು, ಆಯುರ್ವೇದದ ಅರ್ಧಾವಭೇದಕ, ಗ್ರೀಕರ ಹೆಮಿಕ್ರೇನಿಯಾ ಮೂರೂ ‘ಅರ್ಧ ತಲೆ’ ಎಂದೇ ಹೇಳುತ್ತವೆ. ಆ ಗ್ರೀಕ್ ಪದವೇ ಸವೆದು ಸವೆದು ಮೈಗ್ರೇನ್ ಆಯಿತು. ಸುಶ್ರುತ ಸಂಹಿತೆ ಹನ್ನೊಂದು ಬಗೆಯ ಶಿರೋರೋಗಗಳನ್ನು ಎಣಿಸುತ್ತದೆ. ಸೂರ್ಯ ಏರಿದಂತೆ ಏರಿ ಇಳಿದಂತೆ ಇಳಿಯುವ ಸೂರ್ಯಾವರ್ತವೂ ಅದರಲ್ಲೊಂದು. ಆದರೆ ಅರೆತಲೆನೋವು ಅನ್ನುವ ಮಾತೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಎಷ್ಟೋ ಜನರಿಗೆ ಎರಡೂ ಪಕ್ಕ ನೋಯುತ್ತದೆ, ಕತ್ತಿನಲ್ಲಿ ಶುರುವಾಗುತ್ತದೆ. ಆಗ ಅದು ‘ಸೈನಸ್’ ಆಗುತ್ತದೆ, ‘ಕುತ್ತಿಗೆ ಮೂಳೆ ಸವೆದಿದೆ’ ಆಗುತ್ತದೆ, ‘ಕನ್ನಡಕ ಹಾಕ್ಸು’ ಆಗುತ್ತದೆ. ನಾನು ಪವರ್ ಇಲ್ಲದ ಕನ್ನಡಕವನ್ನು ಎರಡು ವರ್ಷ ಹಾಕಿಕೊಂಡಿದ್ದೆ. ನೋವು ಹೋಗಲಿಲ್ಲ, ಓದಿದವನ ಕಳೆ ಬಂತು.

ತಲೆನೋವು ಪೇಟೆಯವರ ಕಾಯಿಲೆ, ಟೆನ್ಷನ್ ಇರುವವರ ಕಾಯಿಲೆ ಅನ್ನುವ ಮಾತು ನಮ್ಮಲ್ಲಿ ಜೋರು. ಇದನ್ನು ಅಳೆದು ನೋಡಿದ್ದು ನಮ್ಮದೇ ರಾಜ್ಯದಲ್ಲಿ. 2009–10ರಲ್ಲಿ ನಿಮ್ಹಾನ್ಸ್‌ನ ಡಾ. ಜಿ. ಗುರುರಾಜ್, ಡಾ. ಗಿರೀಶ್ ಕುಲಕರ್ಣಿ ಮತ್ತಿತರರ ತಂಡ ಬೆಂಗಳೂರು ನಗರ ಮತ್ತು ಗ್ರಾಮಾಂತರದಲ್ಲಿ ಮನೆ ಮನೆ ಬಾಗಿಲು ತಟ್ಟಿ, 18ರಿಂದ 65 ವಯಸ್ಸಿನ 2,329 ಜನರನ್ನು ಮಾತಾಡಿಸಿತು. ಒಂದು ವರ್ಷದಲ್ಲಿ ಒಮ್ಮೆಯಾದರೂ ತಲೆನೋವು ಕಂಡವರು ನೂರಕ್ಕೆ 64. ಮೈಗ್ರೇನ್ ಇದ್ದವರು ನೂರಕ್ಕೆ 25. ಜಗತ್ತಿನ ಸರಾಸರಿಯನ್ನು ಆಗ ನೂರಕ್ಕೆ 15ರ ಆಸುಪಾಸು ಎಂದು ಅಂದಾಜಿಸಿದ್ದರು. ಹೆಂಗಸರಲ್ಲಿ ಅದು 30 ದಾಟಿತ್ತು. ಎಲ್ಲಕ್ಕಿಂತ ನನ್ನನ್ನು ನಿಲ್ಲಿಸಿದ ಅಂಶವೆಂದರೆ, ನಗರಕ್ಕಿಂತ ಹಳ್ಳಿಯಲ್ಲೇ ತಲೆನೋವು ಹೆಚ್ಚು. ಹೊಲದ ಬಿಸಿಲು, ಹೊತ್ತಿಗೆ ಸಿಗದ ಊಟ, ಹೊಗೆ ತುಂಬಿದ ಒಲೆ, ನಾಲ್ಕು ಗಂಟೆಗೇ ಏಳುವ ನಿದ್ದೆಗೇಡು ಇವನ್ನೆಲ್ಲ ಟೆನ್ಷನ್ ಅಂತ ಯಾರೂ ಕರೆದಿರಲಿಲ್ಲ, ಅಷ್ಟೆ.

ಹಾಗಾದರೆ ಮೆಡಿಕಲ್, ನರ್ಸಿಂಗ್ ಓದುವ ಮಕ್ಕಳಲ್ಲಿ ಮೈಗ್ರೇನ್ ಜಾಸ್ತಿ ಎಂದು ಲೋಕದ ಮೂಲೆಮೂಲೆಯಿಂದ ವರದಿಗಳು ಬರುತ್ತವಲ್ಲ, ಅದೇಕೆ? ಒಂದು ಕಾರಣ ವಯಸ್ಸು. ಹದಿನೆಂಟರಿಂದ ನಲವತ್ತರವರೆಗೆ ಇದು ಜೋರಾಗಿರುವ ಕಾಲ. ಎರಡನೆಯದು, ಆ ತರಗತಿಗಳಲ್ಲಿ, ಅದರಲ್ಲೂ ನರ್ಸಿಂಗ್‌ನಲ್ಲಿ, ಹೆಣ್ಣುಮಕ್ಕಳೇ ಹೆಚ್ಚು. ಮುಟ್ಟಿಗೆ ಮುಂಚೆ ಈಸ್ಟ್ರೋಜೆನ್ ಸರ್ರನೆ ಇಳಿಯುವಾಗ ಎಷ್ಟೋ ಜನರಿಗೆ ತಲೆನೋವು ಕಟ್ಟಿಟ್ಟ ಬುತ್ತಿ. ಮೂರನೆಯ ಕಾರಣ ಕುತೂಹಲದ್ದು. 2003ರಲ್ಲಿ ಅಮೆರಿಕದ ನರರೋಗ ತಜ್ಞರನ್ನೇ ‘ನಿಮಗೆ ಮೈಗ್ರೇನ್ ಇದೆಯೇ?’ ಎಂದು ಕೇಳಿದರು. ಗಂಡಸರಲ್ಲಿ ಅರ್ಧಕ್ಕೆ ಹತ್ತಿರ, ಹೆಂಗಸರಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಮಂದಿ ಹೌದೆಂದರು. ತಲೆನೋವನ್ನೇ ವಿಶೇಷವಾಗಿ ಓದಿದ ತಜ್ಞರಲ್ಲಂತೂ ಇನ್ನೂ ಜಾಸ್ತಿ. ನೋವಿದ್ದವರು ಆ ವಿಷಯ ಆರಿಸಿಕೊಂಡಿದ್ದೂ ಇರಬಹುದು. ನನಗೆ ಹೆಚ್ಚು ಒಪ್ಪಿಗೆಯಾಗುವುದು ಇನ್ನೊಂದು ವಿವರಣೆ: ಅವರಿಗೆ ಗುರುತು ಗೊತ್ತು. ಉಳಿದವರು ‘ಏನೋ ತಲೆನೋವು’ ಎಂದು ಒರೆಸಿಹಾಕಿದ್ದನ್ನು ಅವರು ಹೆಸರಿಟ್ಟು ಎಣಿಸಿದರು.

ಬಸ್ಸಿನ ಆ ಹುಡುಗಿಯ ವಿಶೇಷ ಅಲ್ಲೇ ಇರುವುದು. ಇಡೀ ವಂಶದಲ್ಲಿ ಈ ನೋವಿಗೆ ಸರಿಯಾದ ಹೆಸರು ಕಲಿತ ಮೊದಲನೆಯವಳು ಅವಳು.

ಹೆಸರಿನ ಹಿಂದಿರುವ ಕೆಲಸ ಹೀಗೆ. ಮಿದುಳಿಗೆ ತನ್ನದೇ ನೋವಿಲ್ಲ. ರೋಗಿ ಎಚ್ಚರವಿದ್ದಾಗಲೇ ಮಿದುಳಿನ ಶಸ್ತ್ರಚಿಕಿತ್ಸೆ ಮಾಡುವುದುಂಟು. ನೋಯುವುದು ಅದರ ಸುತ್ತಲ ಪೊರೆ, ಪೊರೆಯ ರಕ್ತನಾಳಗಳು. ಅಲ್ಲಿಗೆ ಹರಡಿರುವುದು ಮುಖಕ್ಕೆಲ್ಲ ಸ್ಪರ್ಶ ಕೊಡುವ ಟ್ರೈಜೆಮಿನಲ್ ನರ. ಮೈಗ್ರೇನ್ ಎದ್ದಾಗ ಈ ನರದ ತುದಿಗಳು ಸಿಜಿಆರ್‌ಪಿ ಎಂಬ ವಸ್ತುವನ್ನು ಚೆಲ್ಲುತ್ತವೆ. ನಾಳ ಹಿಗ್ಗುತ್ತದೆ, ನರ ಕೆರಳುತ್ತದೆ. ಕೆರಳಿದ ನರಕ್ಕೆ ಸಣ್ಣದೂ ದೊಡ್ಡದೇ. ಕೂದಲಿಗೆ ಬಾಚಣಿಗೆ ತಾಗಿದರೆ ನೋವು, ಕಿವಿಯೋಲೆ ಭಾರ, ದಿಂಬು ಕಲ್ಲು. ಈ ಜಾಡು ಹಿಡಿದ ನಾಲ್ವರು ವಿಜ್ಞಾನಿಗಳಿಗೆ 2021ರಲ್ಲಿ ಬ್ರೇನ್ ಪ್ರೈಜ್ ಸಿಕ್ಕಿತು. ಸಿಜಿಆರ್‌ಪಿಯನ್ನು ತಡೆಯುವ ಹೊಸ ಔಷಧಗಳೂ ಬಂದಿವೆ. ಬೆಲೆ ಕೇಳಿದರೆ ಇನ್ನೊಂದು ಬಗೆಯ ತಲೆನೋವು.

ಕೆಲವರಿಗೆ ನೋವಿಗೆ ಮುಂಚೆ ಕಣ್ಣೆದುರು ಮಿಂಚುವ ಗೆರೆ ಏಳುತ್ತದೆ. ಮಧುಗಿರಿ ಕೋಟೆಯ ತೆನೆಗಳ ಹಾಗೆ ಏರಿ ಇಳಿದು, ನಿಧಾನಕ್ಕೆ ಅಗಲವಾಗಿ, ಅರ್ಧ ಗಂಟೆಯಲ್ಲಿ ಮಾಯ. ಇಂಗ್ಲಿಷ್ ವೈದ್ಯರೂ ಇದಕ್ಕೆ ಕೋಟೆಯ ಹೆಸರನ್ನೇ ಇಟ್ಟಿದ್ದಾರೆ ಎಂದು ತಿಳಿದಾಗ ನನಗೆ ಸುಮ್ಮನೆ ಖುಷಿಯಾಯಿತು. ಬ್ರೆಜಿಲ್‌ನ ಲೆಯಾಂವ್ ಎಂಬ ತರುಣ 1944ರಲ್ಲಿ ಮೊಲದ ಮಿದುಳಿನಲ್ಲಿ ಒಂದು ವಿದ್ಯುತ್ ಅಲೆಯನ್ನು ಕಂಡು ಬರೆದ. ನಿಮಿಷಕ್ಕೆ ಮೂರು ಮಿಲಿಮೀಟರಿನಷ್ಟು ನಿಧಾನವಾಗಿ ಮಿದುಳ ಮೇಲೆ ಹರಿಯುವ ಆ ಅಲೆಯೇ ಈ ಕೋಟೆ ಕಟ್ಟುವ ಒಡ್ಡ ಎಂಬುದು ಆಮೇಲೆ ತಿಳಿಯಿತು.

ಕಾಲೇಜಿಗೆ ಬರೋಣ. ಮೈಗ್ರೇನಿನ ಮಿದುಳಿಗೆ ಸೇರದ್ದು ಒಂದೇ: ಬದಲಾವಣೆ. ನಿದ್ದೆ ಕಡಿಮೆಯಾದರೂ ನೋವು, ಭಾನುವಾರ ಹತ್ತು ಗಂಟೆಯವರೆಗೆ ಮಲಗಿದರೂ ನೋವು. ಊಟ ತಪ್ಪಿದರೆ ನೋವು. ಪರೀಕ್ಷೆಯ ಹೊತ್ತಿನಲ್ಲಿ ತಡೆದು ನಿಂತದ್ದು ಕೊನೆಯ ಪೇಪರ್ ಬರೆದು ಬಂದ ಸಂಜೆ ಬರುತ್ತದೆ. ಹಾಸ್ಟೆಲಿನಲ್ಲಿ ಎಲ್ಲರೂ ಸಿನಿಮಾಕ್ಕೆ ಹೊರಟಾಗ ಒಬ್ಬಳು ಮಾತ್ರ ಬಕೆಟ್ ಪಕ್ಕ ಇಟ್ಟುಕೊಂಡು ಮಲಗಿರುತ್ತಾಳೆ. ಆದರೆ ಆಸ್ಪತ್ರೆಯ ಓದು ಎಂದರೆ ಬದಲಾವಣೆಯ ಟೈಮ್‌ಟೇಬಲ್ಲೇ. ಈ ವಾರ ಬೆಳಗಿನ ಪೋಸ್ಟಿಂಗ್, ಮುಂದಿನ ವಾರ ನೈಟ್. ಅನಾಟಮಿ ಹಾಲಿನ ಫಾರ್ಮಲಿನ್, ವಾರ್ಡಿನ ಫಿನಾಯಿಲ್, ಮಿಣುಕುವ ಟ್ಯೂಬ್‌ಲೈಟ್. ಎಂಬಿಬಿಎಸ್‌ನವರಿಗೆ ಥಿಯರಿಗೆ ಶೇ 75, ಪ್ರಾಕ್ಟಿಕಲ್‌ಗೆ ಶೇ 80 ಹಾಜರಿ ಬೇಕು. ನರ್ಸಿಂಗ್‌ನವರಿಗೆ ಶೇ 80, ಸರ್ಟಿಫಿಕೇಟು ಕೈಗೆ ಬರಬೇಕಾದರೆ ಪ್ರಾಕ್ಟಿಕಲ್ ನೂರಕ್ಕೆ ನೂರು ಪೂರೈಸಿರಬೇಕು. ತಪ್ಪಿಸಿಕೊಂಡ ಡ್ಯೂಟಿಯನ್ನು ರಜೆಯಲ್ಲಾದರೂ ಬಂದು ತೀರಿಸಬೇಕು. ಜ್ವರಕ್ಕಾದರೆ ಥರ್ಮಾಮೀಟರ್ ಸಾಕ್ಷಿ ಹೇಳುತ್ತದೆ. ತಲೆನೋವಿಗೆ ಯಾರು ಹೇಳಬೇಕು? ಶಾಲೆಯಲ್ಲಿ ನಾವೆಲ್ಲ ಬರೆದ ರಜಾಚೀಟಿಗಳಲ್ಲಿ ಹೊಟ್ಟೆನೋವು, ತಲೆನೋವು ಎರಡೇ ಕಾರಣ ಇದ್ದವಲ್ಲ, ಅದರ ಶಾಪ ಈ ಮಕ್ಕಳಿಗೆ ತಟ್ಟಿದೆ. ‘ತಲೆನೋವು ಯಾರಿಗೆ ಬರಲ್ಲ?’ ಎನ್ನುವ ಮಾತು ರೋಗದ ಬಗ್ಗೆಯೇ ಪಾಠ ಮಾಡುವ ಕಟ್ಟಡಗಳಲ್ಲೂ ಕೇಳುತ್ತದೆ.

ಬಸ್ಸಿನಲ್ಲಿ ಬರುವವರದು ಇನ್ನೊಂದು ಕಥೆ. ಐದೂವರೆಗೆ ಮನೆ ಬಿಡುವಾಗ ಒಂದು ಲೋಟ ಟೀ. ತಿಂಡಿ ಡಬ್ಬಿಯಲ್ಲಿ, ಬಾಯಿಗೆ ಬೀಳುವುದು ಹತ್ತು ಗಂಟೆಯ ಮೇಲೆ. ನೀರು ಕುಡಿಯುವುದೇ ಇಲ್ಲ. ಬೇಸಗೆಯ ಪಾವಗಡದಿಂದ ಬರುವ ಹುಡುಗಿ ಯಾಕೆ ನೀರು ಕುಡಿಯುವುದಿಲ್ಲ ಎಂದು ಕೇಳಿದರೆ ಅವಳು ನಿಮ್ಮ ಮುಖ ನೋಡುತ್ತಾಳೆ. ದಾರಿಯಲ್ಲಿ ಎಲ್ಲಿ ಇಳಿಯುವುದು? ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಹದಿಮೂರು ಸಾವಿರ ಎಕರೆ ಸೋಲಾರ್ ಹಲಗೆ ಹಾಸಿ 2,050 ಮೆಗಾವಾಟ್ ತೆಗೆಯುವಷ್ಟು ಬಿಸಿಲಿನ ಸೀಮೆ ಅದು. ಆ ಬಿಸಿಲಲ್ಲಿ ಬಾಯಾರಿಕೆಯನ್ನು ನುಂಗಿಕೊಂಡು ಮೂರು ಗಂಟೆ ಕೂರುವ ತಲೆ ಸಿಡಿಯದೆ ಏನು ಮಾಡೀತು?

ನಮ್ಮ ಹೆಂಗಸರು ಬಹಳ ಕಾಲದಿಂದ ಹೇಳುತ್ತಿದ್ದ ಇನ್ನೊಂದು ಮಾತಿದೆ: ‘ತಲೆಗೆ ನೀರು ಹಾಕ್ಕೊಂಡ್ರೆ ತಲೆನೋವು ಗ್ಯಾರಂಟಿ’. ಹಿಂದೆ ಇದನ್ನು ಓದಿದವರು ನಗುತ್ತಿದ್ದರು. 2006ರಲ್ಲಿ ಮುಂಬೈಯ ಡಾ. ಕೆ. ರವಿಶಂಕರ್ 94 ರೋಗಿಗಳನ್ನು ಗಮನಿಸಿ, ತಲೆಸ್ನಾನ ಮೈಗ್ರೇನ್ ಎಬ್ಬಿಸುತ್ತದೆ ಎಂದು ತಲೆನೋವಿನ ಅಂತರರಾಷ್ಟ್ರೀಯ ಪತ್ರಿಕೆಯಲ್ಲೇ ಬರೆದರು. ಉದ್ದ ಕೂದಲು, ಒಣಗಲು ಗಂಟೆಗಟ್ಟಲೆ. ಪಾಶ್ಚಾತ್ಯ ಪುಸ್ತಕಗಳ ಪಟ್ಟಿಯಲ್ಲಿ ಇದು ಇರಲಿಲ್ಲ, ನಮ್ಮ ಬಚ್ಚಲಲ್ಲಿ ಇತ್ತು. ಹಾಗಂತ ಮನೆಯ ಮಾತೆಲ್ಲ ನಿಜವೆಂದಲ್ಲ. ಶಿರಾದ ಕಡೆ ಕಡಲೆಕಾಯಿ ತಿಂದರೆ ಪಿತ್ತ ಎನ್ನುವವರು ಉಂಟು. ನೋವು ಬರುವ ಹಿಂದಿನ ದಿನವೇ ಕೆಲವರಿಗೆ ಆಕಳಿಕೆ, ಕತ್ತು ಬಿಗಿತ, ಏನಾದರೂ ತಿನ್ನಬೇಕೆಂಬ ಚಪಲ ಹುಟ್ಟುತ್ತದೆ. ಆ ಚಪಲವೂ ಮೈಗ್ರೇನಿನ ಭಾಗವೇ. ಚಪಲಕ್ಕೆ ಕಡಲೆಕಾಯಿ ತಿಂದು, ಮರುದಿನ ನೋವು ಬಂದಾಗ ಕಡಲೆಕಾಯಿಯನ್ನು ಬೈಯುತ್ತೇವೆ.

ಔಷಧದ ವಿಷಯದಲ್ಲಿ ಮಾತ್ರ ಆಸ್ಪತ್ರೆಯ ಓದಿನವರು ಉಳಿದವರಿಗಿಂತ ಅಪಾಯದಲ್ಲಿದ್ದಾರೆ ಎಂಬುದು ನನ್ನ ಅನಿಸಿಕೆ. ಮಾತ್ರೆಯ ಹೆಸರು ಗೊತ್ತು, ಡೋಸ್ ಗೊತ್ತು, ಬ್ಯಾಗಿನ ಸಣ್ಣ ಜಿಪ್ಪಿನಲ್ಲಿ ಒಂದು ಸ್ಟ್ರಿಪ್ ಇದ್ದೇ ಇರುತ್ತದೆ. ಡಾಕ್ಟರನ್ನು ಕಾಣುವುದು ಇನ್ಯಾಕೆ? ನೋವು ಶುರುವಾದ ಕೂಡಲೇ, ಸಾಕಷ್ಟು ಪ್ರಮಾಣದಲ್ಲಿ ಮಾತ್ರೆ ನುಂಗುವುದು ಸರಿಯೇ. ಕ್ಲಾಸು ಮುಗಿಯಲಿ ಎಂದು ಕಾದರೆ ಹೊಟ್ಟೆಯ ಚಲನೆಯೂ ಮಂದವಾಗಿ ಮಾತ್ರೆ ಕೆಲಸ ಮಾಡುವುದಿಲ್ಲ. ತಪ್ಪುವುದು ಎಣಿಕೆಯಲ್ಲಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥ ಸಾದಾ ಮಾತ್ರೆಗಳನ್ನು ತಿಂಗಳಿಗೆ 15 ದಿನ, ಟ್ರಿಪ್ಟಾನ್, ಎರ್ಗಟಮಿನ್ ಅಥವಾ ಎರಡು ಮೂರು ಔಷಧ ಬೆರೆಸಿದ ಮಾತ್ರೆಗಳನ್ನು 10 ದಿನ, ಹೀಗೆ ಮೂರು ತಿಂಗಳಿಗೂ ಮೀರಿ ನುಂಗಿದರೆ ಮಾತ್ರೆಯೇ ತಲೆನೋವು ತರುತ್ತದೆ. ನೋವಿಗೆ ಮಾತ್ರೆ, ಮಾತ್ರೆಯಿಂದ ನೋವು. ಸಾಲ ತೀರಿಸಲು ಸಾಲ ಮಾಡಿದವನ ಹಾಗೆ.

ತಿಂಗಳಿಗೆ ನಾಲ್ಕು ಸಲ, ಐದು ಸಲ ಬರುತ್ತಿದ್ದರೆ ನೋವು ಬರದಂತೆ ತಡೆಯುವ ಔಷಧವನ್ನು ದಿನವೂ ತೆಗೆದುಕೊಳ್ಳುವ ಕ್ರಮ ಬೇರೆ ಇದೆ. ಅದರಲ್ಲಿ ಹಳೆಯದು ಪ್ರೊಪ್ರನಲಾಲ್. ಎದೆನೋವಿಗೆ ಕೊಟ್ಟಾಗ ರೋಗಿಯೊಬ್ಬರ ಮೈಗ್ರೇನ್ ಕಡಿಮೆಯಾದದ್ದು 1960ರ ದಶಕದಲ್ಲಿ ಆಕಸ್ಮಿಕವಾಗಿ ಕಂಡಿತು. ಅಗ್ಗದ ಮಾತ್ರೆ, ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ಇದೆ. ಆದರೆ ಉಬ್ಬಸ ಇದ್ದವರಿಗೆ ಆಗದು. ಇನ್ನೊಂದು ಔಷಧ ವಾಲ್‌ಪ್ರೊಯೇಟ್, ಮುಂದೆ ಮಗುವಾಗಬೇಕಾದ ಹೆಣ್ಣುಮಕ್ಕಳಿಗೆ ಸಲ್ಲದು. ಇದನ್ನೆಲ್ಲ ರೂಮ್‌ಮೇಟ್ ತೀರ್ಮಾನಿಸುವಂತಿಲ್ಲ. 2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಶುರುಮಾಡಿದ ಮಿದುಳು ಆರೋಗ್ಯ ಕಾರ್ಯಕ್ರಮ ಪಾರ್ಶ್ವವಾಯು, ಮೂರ್ಛೆರೋಗ, ಮರೆವಿನ ಕಾಯಿಲೆಯ ಪಂಕ್ತಿಯಲ್ಲಿ ತಲೆನೋವಿಗೂ ಎಲೆ ಹಾಕಿತು. ಸಾಮಾನ್ಯ ಡಾಕ್ಟರುಗಳಿಗೇ ಇದನ್ನು ಗುರುತಿಸಲು ತರಬೇತಿ ಕೊಡುವುದು ಅದರ ಉದ್ದೇಶ. ಹೋಬಳಿಯ ಆರೋಗ್ಯ ಕೇಂದ್ರದಲ್ಲಿ ಮುಗಿಯುವ ಕೆಲಸಕ್ಕೆ ಬೆಂಗಳೂರಿನ ಬಸ್ಸು ಹತ್ತಬೇಕಿಲ್ಲ ಎಂಬುದು ನಮ್ಮ ಕಡೆಯವರಿಗೆ ಸಣ್ಣ ಮಾತಲ್ಲ.

ಎರಡನೇ ವರ್ಷದವರ ಇನ್ನೊಂದು ಪೇಚಾಟ: ಪೆಥಾಲಜಿ ಪುಸ್ತಕದಲ್ಲಿ ಬ್ರೇನ್ ಟ್ಯೂಮರ್ ಅಧ್ಯಾಯ ಬಂದ ವಾರ ಎಲ್ಲರಿಗೂ ಬ್ರೇನ್ ಟ್ಯೂಮರ್. ವರ್ಷಗಳಿಂದ ಒಂದೇ ಬಗೆಯಲ್ಲಿ ಬಂದು ಹೋಗುವ ನೋವಿಗೆ ಅಷ್ಟು ಹೆದರಬೇಕಾಗಿಲ್ಲ. ಹೆದರಬೇಕಾದವು ಬೇರೆ. ಸಿಡಿಲಿನಂತೆ ಒಂದೇ ಕ್ಷಣದಲ್ಲಿ ತುತ್ತತುದಿ ಮುಟ್ಟುವ ನೋವು. ಜ್ವರದ ಜೊತೆ ಬಗ್ಗದ ಕುತ್ತಿಗೆ. ಕೈಕಾಲು ಸೋಲುವುದು, ಮಾತು ತೊದಲುವುದು, ಫಿಟ್ಸ್. ದಿನದಿಂದ ದಿನಕ್ಕೆ ಏರುತ್ತಾ ಕಣ್ಣು ಮಂಜಾಗುವುದು. ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾಗುವುದು. ಬಾಣಂತಿಗೆ ಬಿಡದೆ ಕಾಡುವುದು. ಇವುಗಳಿಗೆ ಬಾಮೂ ಬೇಡ, ಶುಂಠಿಯೂ ಬೇಡ, ಆ ಕ್ಷಣ ಆಸ್ಪತ್ರೆ.

ನಮ್ಮ ಬೀದಿಯ ಒಬ್ಬ ಹುಡುಗಿ ತುಮಕೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಮೂರನೇ ವರ್ಷ. ಹೋದ ಯುಗಾದಿಗೆ ಊರಿಗೆ ಬಂದವಳು, ಒಬ್ಬಟ್ಟಿನ ಹೂರಣ ರುಬ್ಬುವುದನ್ನು ಬಿಟ್ಟು ತಲೆ ಹಿಡಿದು ಕೂತ ತಾಯಿಯನ್ನು ವಾರ್ಡಿನಲ್ಲಿ ಕೇಳುವ ಹಾಗೆಯೇ ಕೇಳಿದಳಂತೆ. ಎಷ್ಟು ಹೊತ್ತು ಇರುತ್ತೆ? ಬೆಳಕು ಆಗುತ್ತಾ? ವಾಂತಿ? ಮೆಟ್ಟಿಲು ಹತ್ತಿದರೆ? ತಾಯಿ ಮೊದಲು ನಕ್ಕು, ಆಮೇಲೆ ಒಂದೊಂದಕ್ಕೂ ಹೌದು ಹೌದು ಎಂದಳಂತೆ. ‘ಪಿತ್ತ ಅಲ್ಲ ಕಣವ್ವ ಇದು. ನಂಗೂ ಇರೋದು ಇದೇ.’

ತಾಯಿಗೆ ಓದು ಕಡಿಮೆ. ತಲೆನೋವಿನ ಡೈರಿ ಬರೆ ಎಂದರೆ ಎಲ್ಲಿ ಬರೆದಾಳು? ಮಗಳು ಉಪಾಯ ಮಾಡಿದಳು. ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಮನೆಗಳಲ್ಲೇ, ನೋವು ಬಂದ ದಿನ ಒಂದು ಗೀಟು, ಮಾತ್ರೆ ನುಂಗಿದ್ದರೆ ಅದರ ಮೇಲೊಂದು ಅಡ್ಡಗೀಟು. ಮೊನ್ನೆ ಅವರ ಮನೆಗೆ ಹೋಗಿದ್ದಾಗ ಆ ಹಾಳೆ ನೋಡಿದೆ. ಅರ್ಧ ಲೀಟರ್, ಅರ್ಧ ಲೀಟರ್, ಮುಕ್ಕಾಲು. ನಡುವೆ ಪೆನ್ಸಿಲಿನ ಗೀಟುಗಳು, ಒಟ್ಟು ಒಂಬತ್ತು. ಏಳರ ಮೇಲೆ ಅಡ್ಡಗೀಟು. ಅಮಾವಾಸ್ಯೆಯ ಚೌಕದಲ್ಲಿ ಮಾತ್ರ ಗೀಟಿನ ಪಕ್ಕ ಸಣ್ಣದೊಂದು ಸೊನ್ನೆ. ಅದೇನು ಎಂದು ಕೇಳಿದೆ.

‘ಅವತ್ತು ತಲೆಗೆ ನೀರು ಹಾಕ್ಕೊಂಡಿದ್ದೆ. ಅದ್ನೂ ಬರಿ ಅಂದ್ಲು.’